ಸಂತ ಲಾರೆನ್ಸರ ಕಥೆಯನ್ನು ಬೆಂಕಿಯಿಂದ ಶುರು ಮಾಡಬೇಡಿ

ಇಪ್ಪತ್ತಮೂರು ವರ್ಷಗಳಿಂದ ನಾನು ನಮ್ಮ ಇಗರ್ಜಿಯಲ್ಲಿ ಭಾನುವಾರದ ಧರ್ಮೋಪದೇಶದ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಐದು, ಆರು, ಏಳನೇ ಕ್ಲಾಸಿನ ಮಕ್ಕಳು. ಕಾರ್ಕಳದ ಕಡೆಯ ಊರು ನಮ್ಮದು. ಹಾಗಾಗಿ ನಂಬಿಕೆಗಾಗಿ ರೋಮಿನಲ್ಲಿ ಪ್ರಾಣ ಕೊಟ್ಟ ಸಂತ ಲಾರೆನ್ಸರ ಹೆಸರನ್ನು ಮಕ್ಕಳಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಅತ್ತೂರಿನಲ್ಲಿ ಅವರ ಹೆಸರಿನ ಇಗರ್ಜಿಯ ಜಾತ್ರೆಗೆ ಹೋಗದ ಮಗು ನನ್ನ ಕ್ಲಾಸಿನಲ್ಲಿ ಇಲ್ಲ. ಎಲ್ಲರೂ ಮೊಂಬತ್ತಿ ಹಚ್ಚಿದವರೇ, ಎಲ್ಲರೂ ಜಾತ್ರೆಯಲ್ಲಿ ಬಳೆ, ಬಲೂನು ಕೊಂಡವರೇ. ಆದರೆ ಈ ಸಂತರು ಏನು ಮಾಡಿದರು ಅಂತ ಕೇಳಿ ನೋಡಿ. ಒಂದೇ ಉತ್ತರ ಬರುತ್ತದೆ: "ಅವರನ್ನು ಸುಟ್ಟರು, ಟೀಚರ್."

ಸುಟ್ಟದ್ದು ಬೇರೆಯವರು. ಲಾರೆನ್ಸ್ ಏನು ಮಾಡಿದರು ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು, ಅಲ್ವಾ?

ಹೊಸದಾಗಿ ಕಲಿಸಲು ಬರುವ ಟೀಚರ್‌ಗಳು ಪ್ರತಿ ಜುಲೈ ತಿಂಗಳಲ್ಲಿ ನನ್ನ ಹತ್ತಿರ ಬಂದು, ಲಾರೆನ್ಸರ ಪಾಠ ಹೇಗೆ ಮಾಡುವುದು ಅಂತ ಕೇಳುತ್ತಾರೆ. ಪ್ರತಿ ವರ್ಷ ಬಾಯಲ್ಲೇ ಹೇಳುತ್ತಿದ್ದೆ. ಈಗ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲ ವರ್ಷ ನಾನೂ ಬೆಂಕಿಯಿಂದಲೇ ಶುರು ಮಾಡಿದ್ದೆ. ಕಬ್ಬಿಣದ ಜಾಲರಿ, ಅದರ ಕೆಳಗೆ ಕೆಂಡ, "ಈ ಮಗ್ಗುಲು ಬೆಂದಿದೆ, ಇನ್ನೊಂದು ಕಡೆ ತಿರುಗಿಸಿ" ಅಂತ ಸಂತರು ಹೇಳಿದರು ಎನ್ನುವ ಮಾತು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪಾಠ ಚೆನ್ನಾಗಿ ಆಯಿತು ಅಂದುಕೊಂಡು ಮನೆಗೆ ಹೋದೆ. ಬುಧವಾರ ಒಬ್ಬ ಹುಡುಗಿಯ ಅಮ್ಮ ಹುಡುಕಿಕೊಂಡು ಬಂದರು. ಕಾವಲಿಗೆ ಮೀನು ಹಾಕಿದ ಸದ್ದು ಕೇಳಿದರೆ ಮಗಳು ಅಡುಗೆಮನೆಯಿಂದ ಎದ್ದು ಹೋಗುತ್ತಾಳಂತೆ. ರಾತ್ರಿ ನಿದ್ದೆ ಮಾಡುತ್ತಿಲ್ಲವಂತೆ. ಆಕೆ ನನ್ನನ್ನು ಬೈಯಲಿಲ್ಲ. "ಟೀಚರ್, ಆ ಸಂತರ ಬಗ್ಗೆ ಬೇರೆ ಏನಾದರೂ ಇದ್ದರೆ ಅವಳಿಗೆ ಹೇಳಿ" ಅಂದರು, ಅಷ್ಟೇ. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಅದರ ಮುಂದಿನ ಭಾನುವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಟೀಚರ್, ಅಷ್ಟು ಬೆಂಕಿಯಲ್ಲಿ ಮಲಗಿದವರಿಗೆ ಮಾತಾಡಲಿಕ್ಕೆ ಆಗುತ್ತದಾ? ಕೇಳಿಸಿಕೊಂಡು ಬರೆದದ್ದು ಯಾರು?" ಅವನು ತಮಾಷೆಗೆ ಕೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಈ ಎರಡು ಮಾತುಗಳೇ ನನ್ನನ್ನು ಓದಲು ಕೂರಿಸಿದ್ದು.

ಮೊದಲು ಸಾಮಾನು

ಲಾರೆನ್ಸರ ಹಬ್ಬ ಆಗಸ್ಟ್ 10. ಜನವರಿಯ ಜಾತ್ರೆ ನೋಡಿದ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ನಮ್ಮ ಕಡೆ ಅದು ಆಟಿ ತಿಂಗಳು, ಜೋರು ಮಳೆಯ ಕಾಲ. ಹಬ್ಬಕ್ಕೆ ಮುಂಚಿನ ಮೂರು ಭಾನುವಾರ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆಯ ಮೂರು ಕ್ಲಾಸ್ ಸಾಕು.

ಬೇಕಾಗುವುದು ಇಷ್ಟೇ. ಬಿಳಿ, ಹಳದಿ, ನೀಲಿ ಚಾಕ್‌ಪೀಸ್. 1500 ಹುಣಸೆ ಬೀಜ. ಒಂದು ಹಳೆಯ ಚಾಪೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಕಾಶೆ ಒಂದು. ನಲವತ್ತು ಪುಟದ ಒಂದು ನೋಟ್‌ಬುಕ್. ಒಂದು ಬಣ್ಣದ ಚಿತ್ರ. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಹುಣಸೆ ಬೀಜಕ್ಕೆ ಈಗಿನಿಂದಲೇ ಹೇಳಿಡಿ. ಬೇಸಿಗೆಯಲ್ಲಿ ಹುಣಸೆ ಕುಟ್ಟಿ ಬೀಜ ತೆಗೆದ ಮನೆಗಳಲ್ಲಿ ಸಿಗುತ್ತದೆ. ಪ್ರತಿ ಮಗು ನೂರು ಎಣಿಸಿ ತರಲಿ. ನೀವೇ ಎಣಿಸಿ ತೆಗೆದುಕೊಂಡು ಹೋಗಬೇಡಿ. ಎಣಿಸುವುದೇ ಪಾಠದ ಅರ್ಧ ಭಾಗ.

ಮೂರು ಬಣ್ಣದ ಚಾಕ್‌ಪೀಸ್ ಆ ಹಿಂದಿನ ಬೆಂಚಿನ ಹುಡುಗನಿಗಾಗಿ. ಆ ಕಾಲದವರೇ ಬರೆದಿಟ್ಟದ್ದು, ಅಥವಾ ದಾಖಲೆಯ ಪಟ್ಟಿಯಲ್ಲಿ ಇರುವುದು ಬಿಳಿಯಲ್ಲಿ. ನೂರು ವರ್ಷ ದಾಟಿದ ಮೇಲೆ ಜನ ಹೇಳಿದ್ದನ್ನು ಕೇಳಿ ದೊಡ್ಡವರು ಬರೆದದ್ದು ಹಳದಿಯಲ್ಲಿ. ನಮ್ಮ ಊರಿನ ಹಿರಿಯರು ನಂಬಿಕೊಂಡು ಬಂದದ್ದು ನೀಲಿಯಲ್ಲಿ. ಮೂರರಲ್ಲಿ ಯಾವುದನ್ನೂ ಸುಳ್ಳು ಅಂತ ಮಕ್ಕಳಿಗೆ ಹೇಳಬೇಡಿ. ಯಾವುದು ಎಲ್ಲಿಂದ ಬಂತು ಅಂತ ಹೇಳಿ. ಹನ್ನೆರಡು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಲೇಜಿಗೆ ಹೋದ ಮೇಲೆ ಯಾರೋ "ಅದೆಲ್ಲ ಕಟ್ಟುಕಥೆ" ಅಂದಾಗ ಆ ಮಗು ತಬ್ಬಿಬ್ಬಾಗುವುದಿಲ್ಲ.

ಮೊದಲ ಭಾನುವಾರ: ಬೀಜಗಳು

ಲಾರೆನ್ಸರ ಹೆಸರನ್ನೇ ಎತ್ತಬೇಡಿ. ಮಕ್ಕಳು ತಂದ ಬೀಜಗಳನ್ನೆಲ್ಲ ಚಾಪೆಯ ಮೇಲೆ ಸುರಿಸಿ. ಹದಿನೈದು ಮಕ್ಕಳ ಬೀಜ ಒಟ್ಟಿಗೆ ಬಿದ್ದಾಗ ಒಳ್ಳೆಯ ಸದ್ದು ಬರುತ್ತದೆ. ಮಕ್ಕಳು ತಾವಾಗಿಯೇ ಸುತ್ತ ಕೂರುತ್ತಾರೆ.

ಈಗ ಬಿಳಿ ಚಾಕ್‌ಪೀಸ್ ತೆಗೆದುಕೊಳ್ಳಿ. ಕ್ರಿ.ಶ. 251ರಲ್ಲಿ ರೋಮಿನ ಪೋಪ್ ಆಗಿದ್ದವರು ಕೊರ್ನೆಲಿಯುಸ್. ಅವರು ಅಂತಿಯೋಕ್ಯದ ಬಿಷಪ್ ಫಾಬಿಯುಸ್ ಅವರಿಗೆ ಒಂದು ಪತ್ರ ಬರೆದರು. ಮುಂದೆ ಯೂಸೆಬಿಯುಸ್ ಎಂಬ ಇತಿಹಾಸಕಾರರು ಅದರ ಭಾಗಗಳನ್ನು ನಕಲು ಮಾಡಿಟ್ಟದ್ದರಿಂದ ಅದು ನಮಗೆ ಉಳಿದಿದೆ. ಆ ಪತ್ರದಲ್ಲಿ ಕೊರ್ನೆಲಿಯುಸ್ ತಮ್ಮ ಸಭೆಯ, ಅಂದರೆ ರೋಮಿನ ಕ್ರೈಸ್ತ ಸಮುದಾಯದ, ಲೆಕ್ಕ ಕೊಡುತ್ತಾರೆ. 46 ಯಾಜಕರು. 7 ಡೀಕನ್‌ಗಳು. 7 ಉಪಡೀಕನ್‌ಗಳು. 42 ಸಹಾಯಕರು. ದೆವ್ವ ಬಿಡಿಸುವವರು, ವಾಚಕರು, ಬಾಗಿಲು ಕಾಯುವವರು ಸೇರಿ 52 ಜನ. ಕೊನೆಗೆ, ಸಭೆ ನೋಡಿಕೊಳ್ಳುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿದ್ದವರು: 1500ಕ್ಕಿಂತ ಜಾಸ್ತಿ.

ಬೀಜಗಳನ್ನು ತೋರಿಸಿ. "ಇವರೇ ಅವರು" ಅನ್ನಿ. ಸ್ವಲ್ಪ ಹೊತ್ತು ಸುಮ್ನೆ ಇರಿ.

ಆಮೇಲೆ ಲೆಕ್ಕ ಮಾಡಿಸಿ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಅಂತ ನಾವೇ ಹಿಡಿಯೋಣ. 1500 ಜನಕ್ಕೆ 750 ಕಿಲೋ. ಐವತ್ತು ಕಿಲೋ ಮೂಟೆಯಾದರೆ ದಿನಕ್ಕೆ ಹದಿನೈದು ಮೂಟೆ. ತಿಂಗಳಿಗೆ 450. ಮಕ್ಕಳಿಗೆ ರೇಷನ್ ಅಂಗಡಿಯ ಮೂಟೆ ಗೊತ್ತು, ಅದನ್ನು ಹೊರುವವರ ಬೆನ್ನು ಗೊತ್ತು. ಹಾಗಾಗಿ ಈ ಸಂಖ್ಯೆ ಅವರಿಗೆ ಕಣ್ಣಿಗೆ ಕಟ್ಟುತ್ತದೆ.

ಈಗ ಕೇಳಿ: ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು? ಡೀಕನ್‌ಗಳು. ನಮ್ಮ ಮಕ್ಕಳಿಗೆ ಡೀಕನ್ ಅಂದರೆ ಸೆಮಿನರಿಯಿಂದ ಬರುವ ಬ್ರದರ್, ಮುಂದಿನ ವರ್ಷ ಫಾದರ್ ಆಗುವವರು. ಆಗಿನ ಡೀಕನ್ ಸಭೆಯ ಹಣ ನೋಡಿಕೊಳ್ಳುವವರು, ದವಸ ಹಂಚುವವರು, ಪೂಜೆಯಲ್ಲಿ ಜನರಿಗೆ ಪಾನಪಾತ್ರೆ ಕೊಡುವವರು. ಬೀಜಗಳನ್ನು ಏಳು ಪಾಲು ಮಾಡಲು ಹೇಳಿ. ಒಬ್ಬ ಡೀಕನ್ನಿನ ಪಾಲಿಗೆ 214 ಜನ ಬರುತ್ತಾರೆ. ಎರಡು ಬೀಜ ಉಳಿಯುತ್ತದೆ. "ಆ ಇಬ್ಬರು ಯಾರ ಪಾಲಿಗೆ, ಟೀಚರ್?" ಅಂತ ಒಂದು ಮಗುವಾದರೂ ಕೇಳಿಯೇ ಕೇಳುತ್ತದೆ. ಉತ್ತರ ನೀವು ಕೊಡಬೇಡಿ. ಅವರೇ ಜಗಳವಾಡಿ ತೀರ್ಮಾನ ಮಾಡಲಿ. ನನ್ನ ಕ್ಲಾಸಿನಲ್ಲಿ ಒಂದು ವರ್ಷ ಆ ಎರಡು ಬೀಜವನ್ನು ಒಬ್ಬಳು ತನ್ನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ಹೋದಳು.

ಮುಗಿಸುವಾಗ ಬೋರ್ಡಿನ ಮೇಲೆ ಬಿಳಿಯಲ್ಲಿ ಒಂದು ಸಾಲು ಬರೆಯಿರಿ: 258ರಲ್ಲಿ ಆ ಏಳು ಡೀಕನ್‌ಗಳಲ್ಲಿ ಒಬ್ಬರ ಹೆಸರು ಲಾರೆನ್ಸ್. ಅಲ್ಲಿಗೆ ಮೊದಲ ಕ್ಲಾಸ್ ಮುಗಿಯಿತು. ಬೆಂಕಿಯ ಮಾತು ಇನ್ನೂ ಬಂದಿಲ್ಲ.

ಮನೆಗೆಲಸ ಕೊಡಿ. ಅಜ್ಜಿಯನ್ನೋ ಅಜ್ಜನನ್ನೋ ಕೇಳಿಕೊಂಡು ಬರಬೇಕು: ಹಿಂದೆ ಆಟಿಯಲ್ಲಿ ಏನು ತಿನ್ನುತ್ತಿದ್ದಿರಿ?

ಎರಡನೇ ಭಾನುವಾರ: ನಾಲ್ಕು ದಿನ ಮತ್ತು ಒಂದು ಪಟ್ಟಿ

ಆಟಿಯಿಂದ ಶುರು ಮಾಡಿ. ಮಕ್ಕಳು ತರುವ ಉತ್ತರಗಳು ಒಂದಕ್ಕಿಂತ ಒಂದು ಚೆನ್ನಾಗಿರುತ್ತವೆ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ, ತಜಂಕ್ ಸೊಪ್ಪು, ಪತ್ರೊಡೆ. ಈಗ ಆಟಿ ಅಂದರೆ ಹೋಟೆಲಿನ ಸ್ಪೆಷಲ್ ಊಟ. ಆಗ ಗದ್ದೆ ಕೆಲಸ ಮುಗಿದು, ಕೂಲಿ ಇಲ್ಲದೆ, ಕಣಜದಲ್ಲಿ ಭತ್ತ ತಳ ಮುಟ್ಟಿದ ತಿಂಗಳು. ಒಬ್ಬ ಹುಡುಗನ ಅಜ್ಜಿ ಹೇಳಿ ಕಳಿಸಿದ್ದರು: "ಮಕ್ಕಳಿಗೆ ಗಂಜಿಯ ಅಗಳು, ನಮಗೆ ಗಂಜಿಯ ತಿಳಿ." ಅದನ್ನು ಅವನು ಓದಿದಾಗ ಕ್ಲಾಸ್ ಪೂರ್ತಿ ಮೌನವಾಯಿತು. ಹಸಿದವರಿಗೆ ಹಂಚುತ್ತಿದ್ದ ಸಂತರ ಹಬ್ಬ ನಮ್ಮಲ್ಲಿ ಸರಿಯಾಗಿ ಆ ಹಸಿವಿನ ತಿಂಗಳಲ್ಲೇ ಬರುತ್ತದೆ. ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ಆಮೇಲೆ ನಕಾಶೆ ಬಿಡಿಸಿ. 258ರಲ್ಲಿ ರೋಮಿನ ಚಕ್ರವರ್ತಿ ವ್ಯಾಲೇರಿಯನ್ ಪೂರ್ವದ ಕಡೆ ಯುದ್ಧದಲ್ಲಿದ್ದರು. ಅಲ್ಲಿಂದಲೇ ರೋಮಿನ ಸೆನೆಟ್‌ಗೆ ಆಜ್ಞೆ ಬರೆದು ಕಳಿಸಿದರು. ಬಿಷಪ್, ಯಾಜಕ, ಡೀಕನ್‌ಗಳನ್ನು ಕೂಡಲೇ ಕೊಲ್ಲಬೇಕು. ಕ್ರೈಸ್ತರಾದ ದೊಡ್ಡ ಮನೆತನದವರ ಪದವಿ ಮತ್ತು ಆಸ್ತಿ ಕಿತ್ತುಕೊಳ್ಳಬೇಕು. ಇದು ನಮಗೆ ಹೇಗೆ ಗೊತ್ತು? ಆಫ್ರಿಕಾದ ಕಾರ್ಥೇಜ್ ಪಟ್ಟಣದ ಬಿಷಪ್ ಸಿಪ್ರಿಯನ್ ಅವರಿಂದ. ಸುದ್ದಿ ತಿಳಿಯಲು ಅವರು ರೋಮಿಗೆ ಜನ ಕಳಿಸಿದ್ದರು. ತಿಳಿದದ್ದನ್ನು ಇನ್ನೊಬ್ಬ ಬಿಷಪ್‌ಗೆ ಬರೆದರು. ಪೋಪ್ ಸಿಕ್ಸ್ತುಸ್ ಅವರನ್ನು ಆಗಸ್ಟ್ 6ರಂದು ಸ್ಮಶಾನದಲ್ಲೇ ಕೊಂದರು, ಜೊತೆಗೆ ನಾಲ್ವರು ಡೀಕನ್‌ಗಳನ್ನೂ ಕೊಂದರು, ನಗರದ ಅಧಿಕಾರಿಗಳು ದಿನವೂ ಜನರನ್ನು ಹಿಡಿದು ಆಸ್ತಿ ಮುಟ್ಟುಗೋಲು ಹಾಕುತ್ತಿದ್ದಾರೆ ಅಂತ. ಅದೇ ವರ್ಷ ಸೆಪ್ಟೆಂಬರ್ 14ರಂದು ಸಿಪ್ರಿಯನ್ ಅವರ ತಲೆಯನ್ನೂ ಕಡಿದರು. ಇದೆಲ್ಲ ಬಿಳಿ ಚಾಕ್‌ಪೀಸ್.

ಲಾರೆನ್ಸರ ಹೆಸರು ಆ ಪತ್ರದಲ್ಲಿಲ್ಲ. ರೋಮಿನ ಹಳೆಯ ಪಟ್ಟಿಯೊಂದರಲ್ಲಿ ಇದೆ. 354ರ ಒಂದು ಪಂಚಾಂಗದಲ್ಲಿ ಯಾವ ರಕ್ತಸಾಕ್ಷಿಯನ್ನು (ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು) ಯಾವ ದಿನ, ಯಾವ ರಸ್ತೆಯ ಸಮಾಧಿಯಲ್ಲಿ ನೆನೆಯಬೇಕು ಅಂತ ಬರೆದಿದೆ. ಆಗಸ್ಟ್ 10, ಲಾರೆನ್ಸ್, ತಿಬುರ್ತೀನ ರಸ್ತೆ. ಹೆಸರು, ದಿನ, ಜಾಗ, ಇಷ್ಟೇ. ಮಕ್ಕಳಿಗೆ ಇದನ್ನು ಹೇಳುವಾಗ ಇದು ಕಡಿಮೆಯಾಯಿತು ಅಂತ ಸಂಕೋಚಪಡಬೇಡಿ. ಸತ್ತು ನೂರು ವರ್ಷವಾದ ಮೇಲೂ ಜನ ದಿನ ಮತ್ತು ಜಾಗ ಮರೆತಿರಲಿಲ್ಲ ಅಂದರೆ ಅದು ಸಣ್ಣ ವಿಷಯ ಅಲ್ಲ.

ಆಗಸ್ಟ್ 6ಕ್ಕೂ 10ಕ್ಕೂ ನಡುವೆ ಏನಾಯಿತು? ಇಲ್ಲಿಂದ ಹಳದಿ ಚಾಕ್‌ಪೀಸ್. ಮಿಲಾನಿನ ಬಿಷಪ್ ಅಂಬ್ರೋಸ್ ಮತ್ತು ಸ್ಪೇನಿನ ಕವಿ ಪ್ರುದೆಂತಿಯುಸ್ ಇದನ್ನು ಬರೆದದ್ದು ಸುಮಾರು 130, 150 ವರ್ಷಗಳ ನಂತರ. ಸಿಕ್ಸ್ತುಸ್ ಅವರನ್ನು ಎಳೆದೊಯ್ಯುವಾಗ ಲಾರೆನ್ಸ್ ಅಳುತ್ತಾ, ಮಗನನ್ನು ಬಿಟ್ಟು ಅಪ್ಪ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಕೇಳಿದರಂತೆ. ನಗರದ ಅಧಿಕಾರಿ ಲಾರೆನ್ಸರನ್ನು ಕರೆಸಿ, ಸಭೆಯ ಚಿನ್ನ ಬೆಳ್ಳಿ ಎಲ್ಲ ತಂದೊಪ್ಪಿಸು ಅಂದನಂತೆ. ಲಾರೆನ್ಸ್ ಮೂರು ದಿನ ಸಮಯ ಕೇಳಿದರಂತೆ.

ಈ ಮೂರು ದಿನವನ್ನು ಅವಸರ ಮಾಡದೆ ಹೇಳಿ. ಪ್ರುದೆಂತಿಯುಸ್ ಬರೆಯುವಂತೆ, ಲಾರೆನ್ಸ್ ನಗರದ ಬೀದಿ ಬೀದಿ ಅಲೆದರು. ಕೋಲು ಹಿಡಿದು ತಡವರಿಸುವ ಕುರುಡರು, ಮಂಡಿ ಮುರಿದು ಕುಂಟುವವರು, ಮೈಯೆಲ್ಲ ಹುಣ್ಣಾದವರು. ಸಭೆಯ ಉಗ್ರಾಣದಿಂದ ಊಟ ಪಡೆಯುತ್ತಿದ್ದವರು ಇವರು. ಉಗ್ರಾಣ ನೋಡಿಕೊಳ್ಳುತ್ತಿದ್ದ ಲಾರೆನ್ಸರಿಗೆ ಒಬ್ಬೊಬ್ಬರ ಗುರುತೂ ಇತ್ತು. ಅವರನ್ನು ಎಣಿಸಿದರು. ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡರು. ಇಗರ್ಜಿಯ ಎದುರು ಉದ್ದಕ್ಕೆ ಸಾಲಾಗಿ ನಿಲ್ಲಿಸಿದರು. ಅಧಿಕಾರಿ ಬಂದಾಗ, ಇವರೇ ನಮ್ಮ ಸಂಪತ್ತು ಅಂದರು.

ನಾನು ಈ ಕಥೆಯಲ್ಲಿ ಹಿಡಿದುಕೊಳ್ಳುವುದು ಹೆಸರು ಬರೆದುಕೊಂಡದ್ದನ್ನು. ನಾಳೆ ಸಾಯುವುದು ಖಚಿತ ಅಂತ ಗೊತ್ತಿದ್ದ ಮನುಷ್ಯ ಕೂತು ಹೆಸರು ಬರೆಯುತ್ತಿದ್ದಾನೆ. ಕಥೆ ಹಳದಿಯದ್ದೇ ಇರಬಹುದು. ಆದರೆ ಕಳೆದ ವಾರ ಚಾಪೆಯ ಮೇಲೆ ಬಿದ್ದ 1500 ಬೀಜ ಬಿಳಿಯದ್ದು. ಆ ಜನ ನಿಜವಾಗಿ ಇದ್ದರು, ಅವರಿಗೆ ಊಟ ಹಾಕಿದ ಡೀಕನ್‌ಗಳೂ ನಿಜವಾಗಿ ಇದ್ದರು. ಈ ಎರಡನ್ನು ಜೋಡಿಸಿ ಹೇಳಿದರೆ ಮಕ್ಕಳಿಗೆ ಸಂತರು ಕಾಣಿಸುತ್ತಾರೆ.

ಈಗ ನೋಟ್‌ಬುಕ್. ನಮ್ಮ ವಾಡೆಯಲ್ಲಿ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯಲ್ಲಿ, ಯಾರು ಒಬ್ಬರೇ ಇದ್ದಾರೆ, ಯಾರಿಗೆ ನಡೆಯಲು ಆಗುವುದಿಲ್ಲ, ಯಾರ ಮನೆಗೆ ಯಾರೂ ಹೋಗುವುದಿಲ್ಲ ಅಂತ ಮಕ್ಕಳು ಹೆಸರು ಬರೆಯಬೇಕು. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದು ವರ್ಷ ಆ ಪಟ್ಟಿಯನ್ನು ಚಾರ್ಟ್ ಪೇಪರ್ ಮೇಲೆ ಚೆಂದವಾಗಿ ಬರೆಸಿ, ಮೇಲೆ "ನಮ್ಮ ಊರಿನ ಬಡವರು" ಅಂತ ಹಾಕಿ, ಇಗರ್ಜಿಯ ಬಾಗಿಲ ಪಕ್ಕ ಅಂಟಿಸಿದ್ದೆ. ಪೂಜೆ ಮುಗಿಸಿ ಹೊರಗೆ ಬಂದ ಒಬ್ಬ ಅಜ್ಜಿ ಅದರ ಮುಂದೆ ನಿಂತರು. ಅವರಿಗೆ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗ ಓದಿ ಹೇಳಿದ. ಅವರು ಸೆರಗು ಸರಿಮಾಡಿಕೊಂಡು ನನ್ನ ಹತ್ತಿರ ಬಂದು, "ಟೀಚರಮ್ಮ, ನಾನು ಯಾರ ಹತ್ತಿರವೂ ಕೈ ಚಾಚಲಿಲ್ಲ. ನನ್ನ ಹೆಸರು ಅಲ್ಲಿ ಯಾಕೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಚಾರ್ಟ್ ತೆಗೆದೆ. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಪ್ಪು ಚಹಾ ಮಾಡಿ, ಬೆಲ್ಲದ ತುಂಡು ಕೊಟ್ಟು ಕೂರಿಸಿಕೊಂಡರು.

ಆ ರಾತ್ರಿ ನನಗೆ ಹೊಳೆದದ್ದು ಇದು. ಲಾರೆನ್ಸ್ ಬರೆದದ್ದೂ ಇಂಥವರ ಪಟ್ಟಿಯನ್ನೇ. ಆದರೆ ಅದರ ತಲೆಬರಹ "ಬಡವರು" ಅಂತ ಇರಲಿಲ್ಲ, "ಸಂಪತ್ತು" ಅಂತ ಇತ್ತು. ಆಮೇಲಿನಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಕ್ಕಳು "ನಮ್ಮ ಸಂಪತ್ತು" ಅಂತ ಬರೆಯುತ್ತಾರೆ. ನೋಟ್‌ಬುಕ್ ಯಾರಿಗೂ ತೋರಿಸುವುದಿಲ್ಲ, ಎಲ್ಲೂ ಅಂಟಿಸುವುದಿಲ್ಲ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಖಂಡಿತ ಇಲ್ಲ. ಪ್ರತಿ ಮಗು ಒಂದು ಹೆಸರು ತೆಗೆದುಕೊಂಡು ಆ ವಾರ ಅವರ ಮನೆಗೆ ಹೋಗುತ್ತದೆ. ಏನನ್ನೂ ಕೊಡಬೇಕಾಗಿಲ್ಲ. ಕೂತು ಮಾತಾಡಿ ಬಂದರೆ ಸಾಕು. ಆ ಅಜ್ಜಿ ಇರುವ ತನಕ ಪ್ರತಿ ವರ್ಷ ಯಾರಾದರೂ ಒಬ್ಬರು ಅವರ ಮನೆಗೆ ಹೋಗುತ್ತಿದ್ದರು. ಬೆಲ್ಲದ ತುಂಡು ತಿನ್ನದೆ ವಾಪಸ್ ಬಂದವರು ಇಲ್ಲ.

ಮೂರನೇ ಭಾನುವಾರ: ಜಾಲರಿ

ಈಗ ಬೆಂಕಿಯ ಮಾತು ಬರಲಿ. ಮುಚ್ಚಿಡಬೇಡಿ. ಮಕ್ಕಳು ಎಲ್ಲ ಕಡೆ ಆ ಜಾಲರಿಯನ್ನು ನೋಡಿರುತ್ತಾರೆ, ಸಂತರ ಪ್ರತಿಮೆಯ ಕೈಯಲ್ಲೇ ಅದು ಇರುತ್ತದೆ.

ಹಳದಿಯಲ್ಲಿ ಬರೆಯಿರಿ: ಲಾರೆನ್ಸರನ್ನು ಕೆಂಡದ ಮೇಲೆ ಕಬ್ಬಿಣದ ಜಾಲರಿಯಲ್ಲಿ ಮಲಗಿಸಿ ಕೊಂದರು ಅಂತ ಅಂಬ್ರೋಸ್, ಪ್ರುದೆಂತಿಯುಸ್ ಇಬ್ಬರೂ ಹೇಳುತ್ತಾರೆ. ತಿರುಗಿಸಿ ಎಂಬ ಮಾತು ಅವರಲ್ಲೇ ಇದೆ. ಪಕ್ಕದಲ್ಲಿ ಬಿಳಿಯಲ್ಲಿ ಬರೆಯಿರಿ: ಆಜ್ಞೆಯಲ್ಲಿ ಇದ್ದದ್ದು ಕೂಡಲೇ ಕೊಲ್ಲಬೇಕು ಅಂತ. ಸಿಪ್ರಿಯನ್ ಸತ್ತದ್ದು ಕತ್ತಿಯಿಂದ. ಹಾಗಾಗಿ ಲಾರೆನ್ಸರನ್ನೂ ಕತ್ತಿಯಿಂದಲೇ ಕೊಂದಿರಬೇಕು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಒಬ್ಬ ವಿದ್ವಾಂಸರ ಊಹೆ ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ "ಪಾಸ್ಸುಸ್ ಎಸ್ತ್" ಅಂದರೆ ಹಿಂಸೆ ಅನುಭವಿಸಿದರು. ನಕಲು ಮಾಡುವವರ ಕೈಯಲ್ಲಿ ಮೊದಲ ಅಕ್ಷರ ಬಿಟ್ಟುಹೋದರೆ "ಆಸ್ಸುಸ್ ಎಸ್ತ್" ಆಗುತ್ತದೆ. ಅಂದರೆ ಬೇಯಿಸಲ್ಪಟ್ಟರು. ಒಂದು ಅಕ್ಷರ ಬಿಟ್ಟರೆ ಏನಾಗುತ್ತದೆ ಅಂತ ಕನ್ನಡ ಕಾಪಿ ಬರೆದ ಮಕ್ಕಳಿಗೆ ಚೆನ್ನಾಗಿ ಗೊತ್ತು. ಇದು ಊಹೆ ಅಂತಲೇ ಹೇಳಿ.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ನಾನು ಈಗ ಕೊಡುವ ಉತ್ತರ ಇದು: "ಕೇಳಿಸಿಕೊಂಡು ಬರೆದವರು ಯಾರೂ ಇರಲಿಲ್ಲ, ಮಗ. ಆದರೆ ಆ ಮನುಷ್ಯ ಹೆದರಲಿಲ್ಲ ಅಂತ ರೋಮಿನ ಜನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು. ಹೆದರದವನು ಏನು ಹೇಳಿರಬಹುದು ಅಂತ ಅವರಿಗೆ ಅನ್ನಿಸಿತೋ ಅದು ಆ ಮಾತು."

ಆಮೇಲೆ ಚಿತ್ರ ತೋರಿಸಿ. ಇಟಲಿಯ ರವೆನ್ನಾ ಊರಿನಲ್ಲಿ ರೋಮಿನ ರಾಣಿ ಗಲ್ಲಾ ಪ್ಲಾಸಿದಿಯಾ ಅವರ ಹೆಸರಿನ ಒಂದು ಚಿಕ್ಕ ಕಟ್ಟಡವಿದೆ, 5ನೇ ಶತಮಾನದ್ದು. ಒಳಗೆ ಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳ ಚಿತ್ರಗಳಿವೆ. ಅದರಲ್ಲಿ ಒಂದನ್ನು ಲಾರೆನ್ಸರದ್ದು ಅಂತ ಹೆಚ್ಚಿನವರು ಹೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮಕ್ಕಳಿಗೆ ಏನೂ ವಿವರಿಸಬೇಡಿ. ಏನು ಕಾಣಿಸುತ್ತಿದೆ ಅಂತ ಕೇಳುತ್ತಾ ಹೋಗಿ.

ನಡುವೆ ಚಕ್ರಗಳ ಮೇಲೆ ಒಂದು ಜಾಲರಿ, ಕೆಳಗೆ ಕೆಂಪು ಬೆಂಕಿ. ಆದರೆ ಜಾಲರಿಯ ಮೇಲೆ ಯಾರೂ ಇಲ್ಲ. ಬಲಗಡೆಯಿಂದ ಬಿಳಿ ಬಟ್ಟೆಯ ಮನುಷ್ಯನೊಬ್ಬ ಬೇಗ ಬೇಗ ಬರುತ್ತಿದ್ದಾನೆ. ಬಟ್ಟೆ ಹಾರುತ್ತಿದೆ. ಹೆಗಲ ಮೇಲೆ ಶಿಲುಬೆ, ಕೈಯಲ್ಲಿ ತೆರೆದ ಪುಸ್ತಕ. ಎಡಗಡೆ ಬಾಗಿಲು ತೆರೆದ ಒಂದು ಕಪಾಟು, ಅದರಲ್ಲಿ ನಾಲ್ಕು ಪುಸ್ತಕ, ಮೇಲೆ ಮಾರ್ಕ, ಲೂಕ, ಮತ್ತಾಯ, ಯೊವಾನ್ನ ಅಂತ ಹೆಸರು. ಅಷ್ಟು ಹಳೆಯ ಕಾಲದಲ್ಲಿ ಚಿತ್ರ ಮಾಡಿದವರು ಬೇಯುವ ಮೈಯನ್ನು ತೋರಿಸಲಿಲ್ಲ. ನಡೆಯುವ ಮನುಷ್ಯನನ್ನು ತೋರಿಸಿದರು. ಅಂದು ಮೀನಿನ ಸದ್ದಿಗೆ ಹೆದರಿದ ಆ ಹುಡುಗಿಗೆ ನಾನು ಈ ಚಿತ್ರವನ್ನೇ ತೋರಿಸಿದ್ದು. ತುಂಬ ಹೊತ್ತು ನೋಡಿ, "ಇವರಿಗೆ ಅವಸರ ಉಂಟು" ಅಂದಳು.

ಕೊನೆಯ ಹತ್ತು ನಿಮಿಷದಲ್ಲಿ ಮುಂದಿನ ಕಥೆ. ಎರಡೇ ವರ್ಷದಲ್ಲಿ, 260ರಲ್ಲಿ, ವ್ಯಾಲೇರಿಯನ್ ಪರ್ಷಿಯಾದ ರಾಜ ಶಾಪುರನ ಕೈಗೆ ಸೆರೆಸಿಕ್ಕರು. ಅವರ ಮಗ ಗ್ಯಾಲಿಯೇನಸ್ ಹಿಂಸೆ ನಿಲ್ಲಿಸಿ, ಇಗರ್ಜಿಯ ಜಾಗಗಳನ್ನು ವಾಪಸ್ ಕೊಟ್ಟರು. ಕಾನ್‌ಸ್ಟಾಂಟಿನ್ ಚಕ್ರವರ್ತಿ ಲಾರೆನ್ಸರ ಸಮಾಧಿಯ ಬಳಿ ಇಗರ್ಜಿ ಕಟ್ಟಿಸಿದರು. ಈಗ ಅಲ್ಲಿ ಇರುವ ಬಸಿಲಿಕಾ (ವಿಶೇಷ ಗೌರವದ ಇಗರ್ಜಿ) 1943ರ ಜುಲೈ 19ರಂದು ಬಾಂಬು ಬಿದ್ದು ಹಾಳಾಗಿ ಮತ್ತೆ ಎದ್ದು ನಿಂತದ್ದು. ಕೆನಡಾದಲ್ಲಿ ಅಣ್ಣ, ಚಿಕ್ಕಪ್ಪ ಇರುವ ಮಕ್ಕಳಿಗೆ ಸೇಂಟ್ ಲಾರೆನ್ಸ್ ನದಿಯ ಹೆಸರು ಹೇಳಿ. 1535ರ ಆಗಸ್ಟ್ 10ರಂದು ಅಲ್ಲಿನ ಒಂದು ಕೊಲ್ಲಿಗೆ ಬಂದ ಜಾಕ್ ಕಾರ್ಟಿಯರ್ ಆ ದಿನದ ಸಂತರ ಹೆಸರಿಟ್ಟರು, ಅದೇ ಹೆಸರು ನದಿಗೂ ಹಬ್ಬಿತು. ಆಗಸ್ಟಿನಲ್ಲಿ ಬೀಳುವ ಉಲ್ಕೆಗಳನ್ನು ಇಟಲಿಯವರು ಲಾರೆನ್ಸರ ಕಣ್ಣೀರು ಅನ್ನುತ್ತಾರೆ. ನಮ್ಮ ಆಟಿಯ ಮೋಡದಲ್ಲಿ ಅದು ಕಾಣುವುದು ಕಷ್ಟ.

ಒಂದನ್ನು ಮಾತ್ರ ಬಿಡಬೇಡಿ. ಅಂಬ್ರೋಸ್ ಲಾರೆನ್ಸರ ಕಥೆ ಹೇಳಿದ್ದು ಸುಮ್ನೆ ಅಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಜನರನ್ನು ಬಿಡಿಸಲು ಅವರು ಇಗರ್ಜಿಯ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿದ್ದರು. ಅದಕ್ಕೆ ಕೆಲವರು ಅವರನ್ನು ದೂರಿದರು. ಉತ್ತರ ಕೊಡುವಾಗ ಅವರು ಮುಂದಿಟ್ಟದ್ದು ಲಾರೆನ್ಸರನ್ನು. ಈ ಕಥೆಯನ್ನು ನಂಬಿ ಒಬ್ಬರು ನಿಜವಾಗಿ ಪಾತ್ರೆ ಕರಗಿಸಿದರು, ಜನ ಮನೆಗೆ ಮರಳಿದರು. ಇದನ್ನು ನಾನು ಬೋರ್ಡಿನಲ್ಲಿ ಬಿಳಿಯಲ್ಲಿ ಬರೆಯುತ್ತೇನೆ.

ನೀಲಿ ಚಾಕ್‌ಪೀಸ್

ಅತ್ತೂರಿನ ಇಗರ್ಜಿ 1759ರದ್ದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅದು ಹಾಳಾಯಿತು. 1799ರ ನಂತರ ಉಳಿದವರು ಮರಳಿ ಬಂದರು. ಸಂತರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಇಗರ್ಜಿಗೆ ಜಾಗ ಹುಡುಕುತ್ತಿದ್ದವರು ಪರ್ಪಲೆ ಗುಡ್ಡದ ಬುಡದಲ್ಲಿ ನೀರಿನ ಬಳಿ ಇಳಿಸಿದರಂತೆ. ಮತ್ತೆ ಎತ್ತಲು ಹೋದರೆ ಪ್ರತಿಮೆ ಅಲುಗಲಿಲ್ಲವಂತೆ. ಇಲ್ಲೇ ಇಗರ್ಜಿ ಕಟ್ಟುತ್ತೇವೆ ಅಂತ ಹರಕೆ ಹೇಳಿಕೊಂಡರಂತೆ. ಈ ಕಥೆಯನ್ನು ಮಕ್ಕಳೇ ಹೇಳಲಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಬಗೆ ಇರುತ್ತದೆ, ಎಲ್ಲವನ್ನೂ ನೀಲಿಯಲ್ಲಿ ಬರೆಯಿರಿ. 2016ರಲ್ಲಿ ಆ ಇಗರ್ಜಿ ಬಸಿಲಿಕಾ ಆಯಿತು.

ಜಾತ್ರೆಗೆ ಎಲ್ಲ ಜಾತಿ ಧರ್ಮದವರು ಬರುತ್ತಾರೆ. ಸಾಲಿನಲ್ಲಿ ನಮ್ಮ ಹಿಂದೆ ಯಾರು ನಿಂತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಮುಂದಿನ ಜನವರಿಯಲ್ಲಿ ಆ ಉದ್ದನೆಯ ಸಾಲಿನಲ್ಲಿ ನಿಂತಾಗ ರೋಮಿನ ಇಗರ್ಜಿಯ ಎದುರು ನಿಂತ ಸಾಲನ್ನು ನೆನಪು ಮಾಡಿಕೊಳ್ಳಿ ಅಂತ ಮಕ್ಕಳಿಗೆ ಹೇಳಿ.

ಆಗಸ್ಟ್ 10ರ ಪೂಜೆ

ಹಬ್ಬ ವಾರದ ದಿನ ಬಿದ್ದರೂ ಬೆಳಗಿನ ಪೂಜೆಗೆ ಮಕ್ಕಳನ್ನು ಕರೆತನ್ನಿ. ಫಾದರ್ ಕೆಂಪು ಬಟ್ಟೆ ಹಾಕಿರುತ್ತಾರೆ. ಒಂದು ವಾರ ಮೊದಲೇ ಫಾದರ್ ಹತ್ತಿರ ಒಂದು ಕೋರಿಕೆ ಇಡಿ: ಪೂಜೆಯಲ್ಲಿ ಫಾದರ್ ಹೇಳುವ ಪರಮಪ್ರಸಾದ ಪ್ರಾರ್ಥನೆಗಳಲ್ಲಿ ಅಂದು ಮೊದಲನೆಯದನ್ನು ಹೇಳಬೇಕು. ಅದು ಉದ್ದ, ಹಾಗಾಗಿ ಸಾಮಾನ್ಯವಾಗಿ ಹೇಳುವುದು ಕಡಿಮೆ. ಅದರಲ್ಲಿ ಸಂತರ ಹೆಸರುಗಳ ಸಾಲು ಬರುತ್ತದೆ. ಹೆಚ್ಚಿನ ಹೆಸರುಗಳು ಪುಸ್ತಕದಲ್ಲಿ ಆವರಣ ಚಿಹ್ನೆಯ ಒಳಗಿವೆ, ಬೇಕಾದರೆ ಬಿಡಬಹುದು. ಒಂದನ್ನೂ ಬಿಡದೆ ಓದಿ ಫಾದರ್, ಅಂತ ಕೇಳಿಕೊಳ್ಳಿ. ನಾನು ಕೇಳಿದ ಯಾವ ಫಾದರೂ ಇಲ್ಲ ಅಂದದ್ದಿಲ್ಲ.

ಮಕ್ಕಳಿಗೆ ಮೊದಲೇ ಹೇಳಿಡಿ: ಗೊತ್ತಿರುವ ಹೆಸರು ಬಂದಾಗ ಒಂದೊಂದು ಬೆರಳು ಮಡಚಿ. ಗೊತ್ತಿಲ್ಲದ ಹೆಸರುಗಳು ಹೋಗುತ್ತವೆ. ಆಮೇಲೆ ಸಿಕ್ಸ್ತುಸ್. ಅವರ ಬೆನ್ನಿಗೇ ಕೊರ್ನೆಲಿಯುಸ್, ಬೀಜಗಳ ಲೆಕ್ಕ ಕೊಟ್ಟವರು. ಸಿಪ್ರಿಯನ್, ಪತ್ರ ಬರೆದವರು. ಆಮೇಲೆ ಲಾರೆನ್ಸ್. ಒಂದೇ ಉಸಿರಿನಲ್ಲಿ ನಾಲ್ಕು ಹೆಸರು. ನೀವು ಹಿಂದಿನ ಸಾಲಿನಲ್ಲಿ ಕೂತಿದ್ದರೆ, ಮುಂದಿನ ಬೆಂಚುಗಳಲ್ಲಿ ಪುಟ್ಟ ಬೆರಳುಗಳು ಒಂದೊಂದಾಗಿ ಮಡಚುವುದು ಕಾಣಿಸುತ್ತದೆ.